ಏರ್ ಸ್ಕ್ರೂ

ಷಟರ್ ಅರ್ಧ ಎತ್ತುವಷ್ಟರಲ್ಲಿ, ಹಿಂದಿನ ದಿನದಿಂದ ಜೋಡಿಸಿಟ್ಟುಕೊಂಡಿದ್ದ ವಾಕ್ಯ ಕೆಟ್ಟುಹೋಯಿತು. 'ಮಾವ, ನೀವು ಇನ್ನು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ' ಎಂಬುದು ಆ ವಾಕ್ಯ. ಹಾಸಿಗೆಯಲ್ಲಿದ್ದಾಗ ಅದು ಗೌರವವಾಗಿ, ಒಳ್ಳೆಯ ಅಳಿಯನೊಬ್ಬನ ಬಾಯಿಂದ ಬಂದಂತೆಯೇ ಕೇಳಿಸಿತ್ತು. ಗ್ಯಾರೇಜಿನ ಗ್ರೀಸು ವಾಸನೆ ಮೂಗಿಗೆ ಬಡಿದದ್ದೇ ತಡ, ಡಾಕ್ಟರು ಹೇಳುವ ಮಾತಾಯಿತು. ವಿಶ್ರಾಂತಿ ಎಂಬ ಪದವನ್ನು ಅವನು ಜೀವಮಾನದಲ್ಲಿ ಬಾಯಿಬಿಟ್ಟು ಆಡಿದವನಲ್ಲ. ಅದನ್ನು ಕಿತ್ತು 'ರೆಸ್ಟು' ಹಾಕಿ ನೋಡಿದ. ಅದೂ ಸರಿಯಾಗಿ ಕೂರಲಿಲ್ಲ. ಉಳಿದರ್ಧ ಷಟರನ್ನು ಭುಜ ಕೊಟ್ಟು ಎತ್ತಿ, ಟೂಲ್ ಪೆಟ್ಟಿಗೆಯನ್ನು ಕಾಲಿನಿಂದ ಈಚೆ ಎಳೆದು, ಮಾವ ಕೂರುವ ಸ್ಟೂಲನ್ನು ಒರೆಸಿ ಅದರ ಜಾಗದಲ್ಲಿಟ್ಟ. ಒರೆಸಿದ ಮೇಲೆ, ಮನೆಗೆ ಕಳಿಸಬೇಕೆಂದಿರುವ ಮನುಷ್ಯನ ಸ್ಟೂಲನ್ನು ತಾನೇಕೆ ಒರೆಸಿದೆ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಗಿರಾಕಿಗಳ ಬಾಯಲ್ಲಿ ಮಾವ ದೊಡ್ಡ ಮೇಸ್ತ್ರಿ, ಅವನು ಚಿಕ್ಕ ಮೇಸ್ತ್ರಿ. ತಲೆಗೂದಲು ಅರ್ಧ ಬೆಳ್ಳಗಾಗಿ, ಮಗಳ ಓದು ಮುಗಿದು, ಕೂತರೆ ಏಳಲು ಮಂಡಿಯ ಅಪ್ಪಣೆ ಕೇಳುವ ವಯಸ್ಸಾಗಿದ್ದರೂ ಅವನು ಚಿಕ್ಕವನೇ. ಮೊದಲು ಕೆಲಸ ಕಲಿಯಲು ಬಂದವನು, ಆಮೇಲೆ ಅಳಿಯನಾದವನು. ಮದುವೆಯ ದಿನ ಮಾವ ಅವನನ್ನು 'ಬನ್ನಿ, ಕೂತ್ಕೊಳ್ಳಿ' ಎಂದು ಕರೆದಾಗ ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ತಿರುಗಿ ನೋಡಿದ್ದ. ಮರುದಿನ ಬೆಳಿಗ್ಗೆ 'ದೊಡ್ಡ ಸ್ಪ್ಯಾನರ್ ಎಲ್ಲಿ ಹಾಳುಮಾಡ್ದೆಯೋ' ಎಂಬ ಕೂಗು ಕಿವಿಗೆ ಬಿದ್ದ ಮೇಲೆಯೇ ಅವನಿಗೆ ಜೀವ ಬಂದದ್ದು. ಕೆಲಸ ಕಲಿಯಲು ಬಂದಾಗ ಮಾವ ಹೇಳಿಕೊಟ್ಟಿದ್ದು ಒಂದೇ ಪಾಠ: ಎಂಜಿನ್ ಸ್ಟಾರ್ಟ್ ಮಾಡು, ಕಣ್ಣು ಮುಚ್ಚು, ಬಾಯಿ ಮುಚ್ಚು, ಕೇಳು. ಅವನು ಕೇಳಿದ. ಗಾಡಿ ನಿಂತಲ್ಲೇ ಉಸಿರಾಡುವ ಸದ್ದಿನಲ್ಲಿ ಪೆಟ್ರೋಲು ಹೆಚ್ಚೋ ಗಾಳಿ ಹೆಚ್ಚೋ ಎಂಬುದು ಅವನಿಗೆ ತಿಳಿಯತೊಡಗಿತು. ಅದು ತಿಳಿದ ದಿನ ಎಷ್ಟು ಹಿಗ್ಗಿದ್ದನೆಂದರೆ, ದಾರಿಯಲ್ಲಿ ಹೋಗುವ ಗಾಡಿಗಳಿಗೆಲ್ಲ ಮನಸ್ಸಿನಲ್ಲೇ ರೋಗ ಹೇಳುತ್ತಾ ಮನೆ ತಲುಪಿದ್ದ. ಅಂಥ ಮಾವ ಈಚೆಗೆ ಟ್ಯೂನ್ ಮಾಡಿ ನಿಲ್ಲಿಸಿದ ಗಾಡಿಗಳ ಸೈಲೆನ್ಸರಿನಿಂದ ಹಸಿ ಪೆಟ್ರೋಲು ವಾಸನೆ ಬರುತ್ತಿತ್ತು. ಪ್ಲಗ್ ಬಿಚ್ಚಿದರೆ ಮಸಿ. ಮಾವ ಊಟಕ್ಕೆ ಹೋದಾಗ ಅವನು ಸುತ್ತ ನೋಡಿ, ಕಳ್ಳನ ಹಾಗೆ ಕುಕ್ಕರಗಾಲಲ್ಲಿ ಕೂತು, ಅವರು ಕೂರಿಸಿದ ಸ್ಕ್ರೂವನ್ನು ತನ್ನ ಲೆಕ್ಕಕ್ಕೆ ತಿರುಗಿಸಿಡುತ್ತಿದ್ದ. ಗಿರಾಕಿ ಬಂದು 'ದೊಡ್ಡ ಮೇಸ್ತ್ರಿ ಕೈ ಬಿದ್ರೆ ಗಾಡಿ ಹೂವಿನ ಹಾಗೆ' ಎಂದರೆ ಮಾವ ಮೀಸೆ ಸವರಿಕೊಳ್ಳುತ್ತಿದ್ದರು, ಇವನು ನೆಲ ಗುಡಿಸುತ್ತಿದ್ದ.

ನಿನ್ನೆ ಸಂಜೆ ಹೆಂಡತಿ ಬಟ್ಟೆ ಮಡಚುತ್ತಿದ್ದಾಗ ಹೇಳಿಬಿಟ್ಟಿದ್ದ. 'ನಿಮ್ಮಪ್ಪಂಗೆ ಕಿವಿ ಹೋಗಿದೆ ಕಣೇ. ಟ್ಯೂನಿಂಗ್ ಎಲ್ಲ ತಪ್ಪು ಮಾಡ್ತಿದಾರೆ. ಮನೇಲಿರು ಅಂತ ನೀನೇ ಹೇಳು.' ಅವಳು ಅಂಗಿಯ ತೋಳನ್ನು ಒಳಕ್ಕೆ ಮಡಚಿ, ಅವನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. 'ಗ್ಯಾರೇಜಿನ ಮಾತು ಗ್ಯಾರೇಜಲ್ಲೇ ಆಡ್ಕೊಳ್ಳಿ. ನನ್ನನ್ನ ಮಧ್ಯಕ್ಕೆ ಎಳೀಬೇಡಿ' ಎಂದಳು. ಆಮೇಲೆ ಟಿವಿ ಸ್ವಲ್ಪ ಕಮ್ಮಿ ಮಾಡಿ ಎಂದಳು. ಟಿವಿ ಅಷ್ಟೇನೂ ಜೋರಾಗಿರಲಿಲ್ಲ.

ಮಾವ ಬರುವ ಮೊದಲೇ ಲ್ಯಾಬಿನಾಕೆ ಗಾಡಿ ತಳ್ಳಿಕೊಂಡು ಬಂದಳು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ತರುವ ಕೆಲಸ ಅವಳದು. ಹಳೆಯ ಮೋಟಾರ್ ಸೈಕಲ್ಲು, ಸೀಟಿನ ಹಿಂದೆ ಬಿಗಿದು ಕಟ್ಟಿದ ಐಸ್ ಡಬ್ಬಿ. ಇದೇ ದೂರು ಹೊತ್ತು ಅವಳು ಬರುತ್ತಿರುವುದು ಇದು ಮೊದಲ ಸಲವೇನಲ್ಲ. ಬೇರೆ ಗಿರಾಕಿಗಳು ಕೂಗಾಡುತ್ತಾರೆ, ಕೂಗಾಡಿದ ಮೇಲೆ ತಣ್ಣಗಾಗುತ್ತಾರೆ. ಇವಳು ಕೂಗಾಡುವುದಿಲ್ಲ ಎಂಬುದೇ ಅವನಿಗೆ ದೊಡ್ಡ ಹಿಂಸೆಯಾಗಿತ್ತು.

'ಓಡೋವಾಗ ಏನೂ ತೊಂದ್ರೆ ಇಲ್ಲ' ಎಂದಳು ಸ್ಟ್ಯಾಂಡ್ ಹಾಕುತ್ತಾ. 'ನಿಲ್ಸಿದ್ರೆ ಸಾಕು, ಗಡಗಡ ಅಂತ ನಡುಗಿ ಆಫ್ ಆಗುತ್ತೆ. ಸಿಗ್ನಲ್ಲಲ್ಲಿ ಆಫ್, ಗೇಟ್ ಮುಂದೆ ಆಫ್. ಹೋದ ಸಲ ಹೇಳಿದ್ದನ್ನೇ ಹೇಳ್ತಿದೀನಿ, ಬೇಜಾರಾದ್ರೆ ಹೇಳಿ.'

'ಸ್ವಲ್ಪ ರೇಸ್ ಕೊಟ್ಟು ಹಿಡ್ಕೊಳ್ಳಿ ಅಂದಿದ್ನಲ್ಲ ಮೇಡಂ.'

'ಒಂದು ಕೈಲಿ ರೇಸು, ಇನ್ನೊಂದು ಕೈಲಿ ಗೇಟು, ಹೆಗಲ ಮೇಲೆ ಬ್ಯಾಗು. ಆ ಕಡೆ ಬೆಳಗಿಂದ ಏನೂ ತಿನ್ನದೇ ಕೂತಿರೋ ಪೇಷೆಂಟು. ಹಸಿದೋರ ಬಾಯಿ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ.'

ಪೆಟ್ರೋಲು ಎಲ್ಲಿ ಹಾಕಿಸುತ್ತೀರಿ ಎಂದು ಕೇಳಬೇಕೆಂದುಕೊಂಡು, ಹೋದ ಸಲವೂ ಅದನ್ನೇ ಕೇಳಿದ್ದು ನೆನಪಾಗಿ ಸುಮ್ಮನಾದ. ಅವನನ್ನು ಕೊರೆಯುತ್ತಿದ್ದುದು ಬೇರೆ. ಹೋದ ಸಲ ಈ ಗಾಡಿಗೆ ಮಾವ ಮಾಡಿದ ಟ್ಯೂನಿಂಗನ್ನು ಅವರ ಬೆನ್ನ ಹಿಂದೆ ಅಳಿಸಿ, ಇವನೇ ಹೊಸದಾಗಿ ಮಾಡಿದ್ದ. ಎಂದರೆ ಸಿಗ್ನಲ್ಲಿನಲ್ಲಿ, ಗೇಟಿನ ಮುಂದೆ, ಹಸಿದವರ ಬೈಗುಳದ ನಡುವೆ ಕೈಕೊಟ್ಟದ್ದು ಮಾವನ ಕಿವಿಯಲ್ಲ, ಇವನದೇ. ಇದು ಯಾರಿಗೂ ಗೊತ್ತಿಲ್ಲ ಎಂಬುದು ಒಂದು ಸಮಾಧಾನ. ತನಗೆ ಗೊತ್ತಿದೆ ಎಂಬುದು ಆ ಸಮಾಧಾನವನ್ನು ತಿಂದುಹಾಕುತ್ತಿತ್ತು. ಒಂದು ವೇಳೆ ತನ್ನ ಕಿವಿಯೇ ಎಂಬ ಯೋಚನೆ ಬಂದಾಗಲೆಲ್ಲ ಕೆಮ್ಮಿ ಅದನ್ನು ಆಚೆಗೆ ತಳ್ಳುತ್ತಿದ್ದ. ಈಗಲೂ ಕೆಮ್ಮಿ, ಗಾಡಿಯ ಪಕ್ಕ ಕೂತು, ಕಾರ್ಬೊರೇಟರಿನ ಹೊಟ್ಟೆಯ ಬದಿಗಿರುವ ಪುಟ್ಟ ಹಿತ್ತಾಳೆಯ ಏರ್ ಸ್ಕ್ರೂ ಕಡೆ ನೋಡಿದ. ಗಾಡಿ ನಿಂತಿರುವಾಗ ಪೆಟ್ರೋಲಿನ ಜೊತೆ ಎಷ್ಟು ಗಾಳಿ ಸೇರಬೇಕೆಂಬುದನ್ನು ತೀರ್ಮಾನಿಸುವುದು ಅದೇ. ಬಿಗಿ ಮಾಡಿದರೆ ಗಾಳಿ ಕಡಿಮೆ, ಸಡಿಲಿಸಿದರೆ ಹೆಚ್ಚು. ಕೆಲಸ ಮುಗಿಸುವಾಗ ಅದರ ತಲೆಯ ಮೇಲಿನ ಗೀರು ನೆಟ್ಟಗೆ ನಿಂತಿರುವಂತೆ ಬಿಡುವುದು ಅವನ ಅಭ್ಯಾಸ. ಅದು ಅವನ ಸಹಿ ಇದ್ದ ಹಾಗೆ. ಈಗ ಆ ಗೀರು ಅಡ್ಡ ಮಲಗಿತ್ತು.

ಅದು ತಾನಾಗಿ ತಿರುಗುವಂಥದ್ದಲ್ಲ, ಅಡಿಯಲ್ಲಿ ಸ್ಪ್ರಿಂಗು ಇದೆ. 'ಬೇರೆ ಎಲ್ಲಾದರೂ ತೋರಿಸಿದ್ರಾ?' ಎಂದು ಕೇಳಿದ. 'ತೋರಿಸಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ' ಎಂದಳು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಹೋದ ಸಲದ ಮಧ್ಯಾಹ್ನವನ್ನು ಹಿಂದಕ್ಕೆ ತಿರುಗಿಸುತ್ತಾ ಹೋದ. ಮಾವ ಊಟಕ್ಕೆ ಹೋದರು. ಇವನು ಸ್ಕ್ರೂ ತಿರುಗಿಸಿದ. ಮಾವ ಊಟ ಮುಗಿಸಿ ಬಂದರು. ಗಾಡಿ ಕೊಡುವ ಮೊದಲು ಎಂದಿನಂತೆ 'ಒಂದು ಟ್ರಯಲ್ ನೋಡ್ಕೊಂಡು ಬರ್ತೀನಿ' ಎಂದು ರಸ್ತೆಯ ಮೂಲೆ ತಿರುಗಿದರು. ಆ ಟ್ರಯಲ್ಲು ಯಾವಾಗಲೂ ಬೇಕಾದ್ದಕ್ಕಿಂತ ತಡವಾಗುತ್ತಿತ್ತು. ಹೆಂಡತಿ ಹಟಹಿಡಿದು ಬಿಡಿಸಿದ್ದ ಸಿಗರೇಟನ್ನು ಮಾವ ಅಲ್ಲಿ ನಿಂತು ಸೇದುತ್ತಾರೆಂದು ಅವನು ತಿಳಿದಿದ್ದ. ಅದನ್ನು ಅವಳಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಮಾವನ ಈ ಒಂದು ಗುಟ್ಟು ಕಾಯುತ್ತಿದ್ದೇನೆ ಎಂಬ ಹೆಮ್ಮೆಯ ಮೇಲೆ ತನ್ನ ಇನ್ನೊಂದು ಕಳ್ಳತನವನ್ನು ಹಗುರ ಮಾಡಿಕೊಂಡಿದ್ದ. ಈಗ ಗೊತ್ತಾಯಿತು, ಸಿಗರೇಟೂ ಇಲ್ಲ, ಮಣ್ಣೂ ಇಲ್ಲ. ಮುದುಕ ಅಲ್ಲಿ ಗಾಡಿ ನಿಲ್ಲಿಸಿ ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆಯುತ್ತಿದ್ದರು.

ಮೊದಲು ಅವನಿಗೆ ಆದದ್ದು ಸಂತೋಷ. ಹಾಗಾದರೆ ಕೈಕೊಟ್ಟದ್ದು ತನ್ನ ಟ್ಯೂನಿಂಗ್ ಅಲ್ಲ. ಆ ಸಂತೋಷ ಎದ್ದು ನಿಲ್ಲುವಷ್ಟರಲ್ಲಿ ಅವಮಾನವಾಯಿತು. ಎಷ್ಟು ಗಾಡಿಗಳಿಗೆ ಹೀಗಾಗಿದೆ? ತಾನು ತಿದ್ದಿದ್ದೆಂದು ಒಳಗೊಳಗೇ ಬೀಗಿದ ಗಾಡಿಗಳೆಲ್ಲ ಮೂಲೆ ತಿರುಗಿ ಮತ್ತೆ ತಿದ್ದಿಸಿಕೊಂಡು ಹೋದವೇ? ಹೂವಿನ ಹಾಗೆ ಇದೆ ಎಂದು ಹೊಗಳಿಸಿಕೊಂಡದ್ದು ನಿಜವಾಗಿಯೂ ದೊಡ್ಡ ಮೇಸ್ತ್ರಿಯ ಕೈಯೇ? ಹಾಗಿದ್ದರೆ ಯಾರು ಯಾರನ್ನು ಮನೆಗೆ ಕಳಿಸಬೇಕು? ಅವನು ಮತ್ತೆ ಕೆಮ್ಮಿದ. ಈ ಸಲ ಯೋಚನೆ ಆಚೆ ಹೋಗಲಿಲ್ಲ.

ಮಾವ ಬಂದರು, ಚಪ್ಪಲಿ ಬಿಟ್ಟರು, ಕನ್ನಡಕ ಒರೆಸಿಕೊಂಡರು. ಲ್ಯಾಬಿನಾಕೆಯನ್ನು ಕಂಡು, 'ಏನಮ್ಮ, ಮತ್ತೆ ಅದೇನಾ?' ಎಂದರು. ಉತ್ತರಕ್ಕೆ ಕಾಯದೆ, 'ಕಾರ್ಬೊರೇಟರ್ ಬಿಚ್ಚು' ಎಂದು ಅಳಿಯನಿಗೆ ಹೇಳಿ ಸ್ಟೂಲಿನ ಮೇಲೆ ಕೂತರು. ಅವನು ಬಿಚ್ಚಿದ. ಪೆಟ್ರೋಲ್ ಪೈಪು ಕಿತ್ತು, ಬಟ್ಟಲು ಕಳಚಿ, ಪೆಟ್ರೋಲು ಹಾಯುವ ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಸೂಜಿಮೊನೆಯಷ್ಟು ಬೆಳಕು ಆ ಕಡೆಯಿಂದ ನೇರವಾಗಿ ಬಂತು. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು ಸರಿಯಾಗಿತ್ತು. ಬಟ್ಟಲಿನಲ್ಲಿ ಕಸವಿಲ್ಲ, ನೀರಿಲ್ಲ. ಇಬ್ಬರೂ ಸೇರಿ ಇದನ್ನು ಎಷ್ಟು ಸಲ ತೊಳೆದಿದ್ದರೆಂದರೆ ಅದು ಅಡುಗೆಮನೆಯ ಪಾತ್ರೆಗಿಂತ ಶುಭ್ರವಾಗಿತ್ತು. ಆದರೂ ಊದಿದ, ಒರೆಸಿದ, ಮತ್ತೆ ಜೋಡಿಸಿದ. ಹಿಂದೆ ಕೆಲಸ ಕಲಿಯುವಾಗ ಒಮ್ಮೆ ಹೀಗೆಯೇ ಜೆಟ್ಟನ್ನು ಕೈಜಾರಿಸಿ ಚರಂಡಿಗೆ ಬೀಳಿಸಿದ್ದ. ಮಾವ ಒಂದು ಮಾತೂ ಆಡದೆ ಚರಂಡಿಗೆ ಕೈ ಹಾಕಿ ತೆಗೆದುಕೊಟ್ಟಿದ್ದರು. ಬೈದಿದ್ದರೆ ಎಂದೋ ಮರೆಯುತ್ತಿದ್ದ. ಆ ಕೈಗೆ ತಾನು ಇವತ್ತು ವಿಶ್ರಾಂತಿ ಎಂಬ ಪದವನ್ನು ಕೊಡಬೇಕು. ಸ್ಕ್ರೂ ಕೂರಿಸುವಾಗ ಬಾಯಿಂದ ಬೇರೆಯೇ ಬಂತು.

'ಈ ಸ್ಕ್ರೂ ಯಾರು ತಿರುಗಿಸಿದ್ದು ಮಾವ?'

'ನಾನು' ಎಂದರು ಮಾವ, ಕನ್ನಡಕ ಮೂಗಿಗೇರಿಸಿ. 'ನೀನು ತಿರುಗಿಸಿದ್ದನ್ನ ಹಾಗೇ ಬಿಡಕ್ಕಾಗುತ್ತಾ?'

'ಎಷ್ಟು ದಿನದಿಂದ?'

'ನೀನು ಎಷ್ಟು ದಿನದಿಂದ ತಿರುಗಿಸ್ತಿದೀಯೋ ಅಷ್ಟು ದಿನದಿಂದ.'

ಲ್ಯಾಬಿನಾಕೆ ಇಬ್ಬರನ್ನೂ ನೋಡಿದಳು. 'ಅಂದ್ರೆ' ಎಂದಳು ನಿಧಾನವಾಗಿ, 'ನನ್ನ ಗಾಡಿ ರಿಪೇರಿ ಆಗ್ತಾ ಇರ್ಲಿಲ್ಲ. ನೀವಿಬ್ಬರೂ ಒಬ್ಬರನ್ನೊಬ್ಬರು ರಿಪೇರಿ ಮಾಡ್ತಿದ್ರಿ.'

ಅವನ ಕಿವಿ ಬಿಸಿಯಾಯಿತು. ಗಿರಾಕಿಯ ಮುಂದೆ ಇಷ್ಟಾದ ಮೇಲೆ ಇನ್ನೇನು ಮುಚ್ಚಿಡುವುದು ಎಂಬಂತೆ ಮಾವ ಶುರುಮಾಡಿದರು. 'ನಿನಗೆ ನಾನೇ ಹೇಳ್ಬಾರ್ದು ಅಂತ ಸುಮ್ನಿದ್ದೆ. ಅಳಿಯ ಅನ್ನೋ ಮರ್ಯಾದೆ ಒಂದಿದೆಯಲ್ಲ. ನಿನಗೆ ಸದ್ದು ಸರಿಯಾಗಿ ಸಿಗ್ತಿಲ್ಲ ಕಣೋ. ಗಾಳಿ ಜಾಸ್ತಿ ಬಿಡ್ತಿದೀಯ. ಸ್ವಲ್ಪ ದಿನ ನಿನ್ನ ಗಂಡ ಸ್ಪೇರ್ ಪಾರ್ಟ್ಸ್ ನೋಡ್ಕೊಂಡಿರ್ಲಿ, ಹೋಗಿ ಕಿವಿ ತೋರಿಸ್ಕೊಂಡು ಬರ್ಲಿ ಅಂತ ಮಗಳಿಗೆ ಹೇಳಿದ್ದೆ. ಗ್ಯಾರೇಜಿನ ಮಾತು ಗ್ಯಾರೇಜಲ್ಲೇ ಆಡ್ಕೊಳ್ಳಿ ಅಂದ್ಬಿಟ್ಲು.'

ಅವನ ಕಣ್ಣ ಮುಂದೆ ಬಂದದ್ದು ಹೆಂಡತಿಯ ಕೈ. ಅಂಗಿಯ ಎಡತೋಳನ್ನು ಒಳಕ್ಕೆ ಮಡಚುತ್ತದೆ, ಬಲತೋಳನ್ನು ಒಳಕ್ಕೆ ಮಡಚುತ್ತದೆ, ಕಾಲರು ಸರಿಮಾಡಿ ಪೇರಿಸಿಡುತ್ತದೆ. ಒಬ್ಬರ ಮೇಲೆ ಇನ್ನೊಬ್ಬರ ಚಾಡಿ ಕೇಳಿಸಿಕೊಂಡು, ಇಬ್ಬರಿಗೂ ಅದೇ ಒಂದು ಮಾತು ಹೇಳಿ, ಇಬ್ಬರಿಗೂ ಒಂದೇ ಪಾತ್ರೆಯಿಂದ ಊಟ ಬಡಿಸಿದ್ದಾಳೆ. ಎಷ್ಟು ದಿನದಿಂದ? ಊಟಕ್ಕೆ ಕೂತಾಗ ಅವಳು ಒಮ್ಮೊಮ್ಮೆ ಸುಮ್ಮಸುಮ್ಮನೆ ಜೋರಾಗಿ ಮಾತಾಡುತ್ತಿದ್ದುದು ತನ್ನಪ್ಪನಿಗೋಸ್ಕರ ಎಂದು ಅವನು ತಿಳಿದಿದ್ದ. ಅದರಲ್ಲಿ ಅರ್ಧ ತನಗೂ ಸೇರಿತ್ತು. ಅವನಿಗೆ ಕೂಗಬೇಕೆನಿಸಿತು. ಕೂಗಿದರೆ ಗಿರಾಕಿಗೆ, ಎದುರಿನ ಬೇಕರಿಯವನಿಗೆ, ಪಕ್ಕದ ಗ್ರಿಲ್ ಅಂಗಡಿಯವನಿಗೆ ಎಲ್ಲ ಗೊತ್ತಾಗುತ್ತದೆ. ಕಿವಿ ಹೋದ ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿಡುವವರು ಯಾರು? ಈ ಕೆಲಸ ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಒಂದು ಪತ್ರ ಬರೆಯಲು, ಒಂದು ಮೊಳೆ ನೆಟ್ಟಗೆ ಹೊಡೆಯಲು ಕೂಡ ಬರುತ್ತಿರಲಿಲ್ಲ. 'ಕಿವಿ ಯಾರದು ಹೋಗಿದೆ ಅಂತ ಈಗಲೇ ನೋಡೋಣ' ಎಂದ. ಧ್ವನಿ ಎಣಿಸಿದ್ದಕ್ಕಿಂತ ಸಣ್ಣದಾಗಿ ಹೊರಬಂತು.

ಕಿಕ್ ಹೊಡೆದು ಗಾಡಿ ಸ್ಟಾರ್ಟ್ ಮಾಡಿದ. ಬಿಸಿಯಾಗುವವರೆಗೆ ಕಾದ. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಬಿಸಿಯಾಗುತ್ತಲೇ ಮುಗ್ಗರಿಸತೊಡಗಿತು. ಅಷ್ಟು ಮಾತ್ರ ಯಾರಿಗಾದರೂ ಕೇಳುತ್ತಿತ್ತು, ಹೆಡ್‌ಲೈಟೇ ಅಲ್ಲಾಡುತ್ತಿತ್ತು. ಸ್ಕ್ರೂವನ್ನು ಸಡಿಲಿಸಿದ, ಬಿಗಿ ಮಾಡಿದ, ಮತ್ತೆ ಸಡಿಲಿಸಿದ. ಎಲ್ಲಿಟ್ಟರೂ ನಡುಕ ನಿಲ್ಲದು. ಮಾವ ಸ್ಟೂಲಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತರು. ಸ್ಕ್ರೂವಿನಿಂದ ಕೈ ತೆಗೆದಾಗ ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು, ಯಾಕೆಂದರೆ ಇಬ್ಬರೂ ಒಂದೇ ಕಡೆ ನೋಡಿದರು. ಕಾರ್ಬೊರೇಟರನ್ನು ಎಂಜಿನ್ನಿಗೆ ಸೇರಿಸುವ ದಪ್ಪ ರಬ್ಬರಿನ ಕುತ್ತಿಗೆ. ಅದು ಎಲ್ಲಾದರೂ ಸೀಳಿದ್ದರೆ ಸ್ಕ್ರೂವಿಗೆ ಲೆಕ್ಕ ಕೊಡದ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತದೆ. ಆಮೇಲೆ ಸ್ಕ್ರೂವನ್ನು ಅಳಿಯ ತಿರುಗಿಸಿದರೂ ಅಷ್ಟೇ, ಮಾವ ತಿರುಗಿಸಿದರೂ ಅಷ್ಟೇ. ಗ್ಯಾರೇಜಿಗೆ ಹೊಸದಾಗಿ ಸೇರಿದವನೂ ಮೊದಲು ನೋಡಬೇಕಾದ ಜಾಗ ಅದು. ಒಬ್ಬರ ಕೈಯನ್ನು ಒಬ್ಬರು ಕಾಯುವ ಭರದಲ್ಲಿ ಇಬ್ಬರೂ ನೋಡಿರಲಿಲ್ಲ.

ಮಾವ ಎಣ್ಣೆ ಕುಪ್ಪಿ ತಂದರು. ಸೀಳು ಇದ್ದರೆ ಎಣ್ಣೆ ಬಿದ್ದ ಗಳಿಗೆ ಅದು ಮುಚ್ಚಿಕೊಳ್ಳುತ್ತದೆ, ಎಂಜಿನ್ನಿನ ಸದ್ದು ಬದಲಾಗುತ್ತದೆ. ಅಷ್ಟೇ ಪರೀಕ್ಷೆ. ಅವರು ರಬ್ಬರಿನ ಸುತ್ತ ಹನಿ ಹನಿಯಾಗಿ ಬಿಡುತ್ತಾ ಹೋದರು. ಅವನು ಉಸಿರು ಬಿಗಿಹಿಡಿದು ಕೇಳಿದ. ಕಣ್ಣು ಮುಚ್ಚಿದ, ಹಳೆಯ ಪಾಠದ ಪ್ರಕಾರ. ಕತ್ತಲಿನಲ್ಲಿ ಒಂದು ದಪ್ಪ ಗದ್ದಲ ಬಿಟ್ಟು ಬೇರೇನೂ ಇರಲಿಲ್ಲ. ಬದಲಾಯಿತೇ? ಆಗಿರಬಹುದು. ಮಾವನಿಗೆ ಕೇಳಿದ್ದರೆ ಮುಖದಲ್ಲಿ ಗೊತ್ತಾಗುತ್ತದೆ, ಅವರ ಹಿಂದೆಯೇ ತಾನೂ ಹೂಂ ಎಂದರಾಯಿತು ಎಂದುಕೊಂಡು ಮೆಲ್ಲಗೆ ಕಣ್ಣು ತೆರೆದು ಅವರ ಮುಖ ನೋಡಿದ. ಮಾವ ಕುಪ್ಪಿಯನ್ನು ಹಾಗೇ ಹಿಡಿದು, ಕನ್ನಡಕದ ಮೇಲಿಂದ, ಅವನ ಮುಖವನ್ನೇ ನೋಡುತ್ತಿದ್ದರು.

'ಆಗ್ಲೇ ಸರಿಹೋಯ್ತಲ್ಲ' ಎಂದಳು ಲ್ಯಾಬಿನಾಕೆ ಮೇಲಿನಿಂದ. 'ಕೆಳಗಡೆ ಬಿಟ್ರಲ್ಲ ಎಣ್ಣೆ, ಆಗ. ಈಗ ಮತ್ತೆ ಶುರುವಾಯ್ತು. ಕೇಳಿಸ್ಲಿಲ್ವಾ?'

'ಕೇಳಿಸ್ತು' ಎಂದರು ಇಬ್ಬರೂ.

ರಬ್ಬರನ್ನು ಬಿಚ್ಚಿ ಹಿಂದಕ್ಕೆ ಬಗ್ಗಿಸಿದಾಗ, ಕ್ಲಾಂಪಿನ ಅಡಿಯಲ್ಲಿ ಉಗುರಿನ ಗೀರಿನಂಥ ಸೀಳು ಬಾಯಿ ತೆರೆಯಿತು. ಹೊಸ ರಬ್ಬರನ್ನು ಅವನೇ ಡಬ್ಬಿಯಿಂದ ಹುಡುಕಿ ತಂದು ಹಾಕಿದ. ಹಾಕುವಾಗ ಬೆರಳುಗಳು ತಮ್ಮ ಪಾಡಿಗೆ ಸರಿಯಾಗಿ ಕೆಲಸ ಮಾಡುತ್ತಿದ್ದವು, ಅವಕ್ಕೆ ಏನೂ ಆಗಿಲ್ಲವೆಂಬಂತೆ. ಅವನಿಗೆ ಮಾತ್ರ ಭಯವಾಗಿತ್ತು. ಬಾಲ್ಯದಲ್ಲಿ ಜಾತ್ರೆಯಂಥ ಜನಜಂಗುಳಿಯಲ್ಲಿ ಕೈತಪ್ಪಿದವನ ಭಯ. ಗಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಹೆಡ್‌ಲೈಟ್ ಅಲ್ಲಾಡಲಿಲ್ಲ. ಇನ್ನು ಸ್ಕ್ರೂ ಕೂರಿಸುವುದೊಂದು ಬಾಕಿ. ಅದನ್ನು ಯಾರು ಕೂರಿಸಬೇಕು? ಅಷ್ಟರಲ್ಲಿ ಪಕ್ಕದ ಗ್ರಿಲ್ ಅಂಗಡಿಯವನು ಕಟಿಂಗ್ ಮೆಷಿನ್ ಹಚ್ಚಿದ. ಕಬ್ಬಿಣ ಕೊರೆಯುವ ಸದ್ದು ಗೋಡೆ ದಾಟಿ ಬಂದು ಗ್ಯಾರೇಜನ್ನು ತುಂಬಿತು.

ಮಾವ ಅವನ ಕಿವಿಯ ಹತ್ತಿರ ಬಾಗಿದರು. 'ಸಣ್ಣ ಸದ್ದು ನಂಗೆ ಕೇಳಿಸದೆ ಬಹಳ ಕಾಲ ಆಯ್ತು' ಎಂದರು, ಚಪ್ಪಲಿ ಸವೆದಿದೆ ಎಂದು ಹೇಳುವ ಧಾಟಿಯಲ್ಲಿ. 'ಮಾತು ಕೇಳುತ್ತೆ. ಹಾರ್ನ್ ಕೇಳುತ್ತೆ. ಇದು ಕೇಳಲ್ಲ.'

'ಮತ್ತೆ ಕೆಲ್ಸ ಹೇಗೆ ಮಾಡ್ತಿದ್ರಿ?'

'ಕೈಯಲ್ಲಿ.'

'ನಂದೂ ಹೋಗಿದೆ ಅಂತ ಹೇಗೆ ಗೊತ್ತಾಯ್ತು?'

'ಗಾಡಿ ಸ್ಟಾರ್ಟ್ ಮಾಡಿ ನೀನು ಗಿರಾಕಿ ಮುಖ ನೋಡೋಕೆ ಶುರು ಮಾಡ್ದೆ. ನಾನೂ ಹಾಗೇ ಶುರು ಮಾಡಿದ್ದು.' ಮಾವ ಅವನ ಮಣಿಕಟ್ಟು ಹಿಡಿದರು. 'ಕೊಡು ಇಲ್ಲಿ.'

ಅವನ ಅಂಗೈಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಮಲಗಿಸಿ, ಅದರ ಮೇಲೆ ತಮ್ಮ ಅಂಗೈಯನ್ನು ಒತ್ತಿ ಇಟ್ಟರು. ಇಷ್ಟು ವರ್ಷಗಳಲ್ಲಿ ಸ್ಪ್ಯಾನರು, ಬೋಲ್ಟು, ಟೀ ಲೋಟ ಕೈಯಿಂದ ಕೈಗೆ ದಾಟಿದ್ದವೇ ಹೊರತು ಕೈಗೆ ಕೈ ತಾಗಿರಲಿಲ್ಲ. ಮಾವನ ಅಂಗೈ ಒರಟಾಗಿ, ಬೆಚ್ಚಗೆ ಇತ್ತು. ಎಲ್ಲಿ ನೋಡಬೇಕೆಂದು ತಿಳಿಯದೆ ಅವನು ಗೋಡೆಯ ಮೇಲಿನ ಟೈರ್ ಕಂಪನಿಯ ಕ್ಯಾಲೆಂಡರ್ ನೋಡಿದ. ಬೆನ್ನ ಹಿಂದೆ ಲ್ಯಾಬಿನಾಕೆ ಗಾಡಿಯ ಮುಂಭಾಗಕ್ಕೆ ಬಂದು ಹೋದಂತಾಯಿತು. ಅಂಗೈಯಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಬಂತು. ಸಣ್ಣ ನಡುಕ, ಬಿಟ್ಟೂಬಿಡದೆ, ಒಂದು ಜೀವವಿರುವ ವಸ್ತುವಿನದು. ಅವನ ಎದೆ ಹಗುರಾಯಿತು. ಹೌದು, ಹೀಗೂ ಕೇಳಬಹುದು. ಇನ್ನೂ ಬಹಳ ವರ್ಷ ಕೇಳಬಹುದು. ಮಾವ ಮನೆಗೆ ಹೋಗಬೇಕಾಗಿಲ್ಲ, ತಾನೂ ಹೋಗಬೇಕಾಗಿಲ್ಲ.

'ಗೊತ್ತಾಗ್ತಿದೆಯಾ?'

'ಚೆನ್ನಾಗಿ ಗೊತ್ತಾಗ್ತಿದೆ ಮಾವ.'

'ಸ್ವಲ್ಪ ಜಾಸ್ತಿ ನಡುಗ್ತಿದೆ. ಕಾಲು ಸುತ್ತು ಬಿಗಿ ಮಾಡು.'

ಇನ್ನೊಂದು ಕೈಯಿಂದ ಸ್ಕ್ರೂ ಡ್ರೈವರ್ ಇಟ್ಟು ಕಾಲು ಸುತ್ತು ಬಿಗಿ ಮಾಡಿದ. ಇಬ್ಬರೂ ಕಾದರು. 'ಈಗ ಪರವಾಗಿಲ್ಲ' ಎಂದ ಅವನು. 'ಇಲ್ಲ, ಇನ್ನೂ ಇದೆ, ಒಂಚೂರು' ಎಂದರು ಮಾವ. ಅವನು ಒಂಚೂರು ಬಿಗಿ ಮಾಡಿದ. 'ಹ್ಞಾ, ಹತ್ತಿರ ಬಂತು' ಎಂದರು ಮಾವ. ನಿಜ, ಬಂದಿತ್ತು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಒಂದೇ ಟ್ಯೂನಿಂಗ್ ಸರಿಯೆನಿಸಿ ಎಷ್ಟೋ ಕಾಲವಾಗಿತ್ತು.

ಕಟಿಂಗ್ ಮೆಷಿನ್ ನಿಂತಿತು. ಗ್ಯಾರೇಜಿನಲ್ಲಿ ಎಲ್ಲೋ ಒಂದು ನೊಣ ಹಾರುತ್ತಿತ್ತು. ಲ್ಯಾಬಿನಾಕೆ ಬಾಗಿಲಿನಾಚೆ ಫೋನಿನಲ್ಲಿ ಮಾತಾಡಿ ಮುಗಿಸಿ ಒಳಗೆ ಬಂದು, ಟ್ಯಾಂಕಿನ ಮೇಲೆ ಒಂದರ ಮೇಲೊಂದು ಇದ್ದ ಎರಡು ಕೈಗಳನ್ನು ನೋಡಿದಳು. ಅವಳ ಬೆರಳಿನಲ್ಲಿ ಗಾಡಿಯ ಕೀ ನೇತಾಡುತ್ತಿತ್ತು.

'ಮೇಸ್ತ್ರಿ' ಎಂದಳು, ಕಿವಿ ಕೇಳಿಸದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, 'ಫೋನ್ ಬಂತಲ್ಲ, ನಾನು ಗಾಡಿ ಆಗ್ಲೇ ಆಫ್ ಮಾಡ್ದೆ.'

ಅವನು ಕೀ ನೋಡಿದ. ಅಂಗೈಯ ನಡುಕ ನಿಂತಿರಲಿಲ್ಲ.

'ಗೊತ್ತಮ್ಮ' ಎಂದರು ಮಾವ.

'ಗೊತ್ತು' ಎಂದ ಅವನೂ. ಕೈ ತೆಗೆಯಲಿಲ್ಲ.